ಬೈದೋರಿಗೆ ಮಜ್ಜಿಗೆ

ದೇವಿಯನ್ನು ಬೈಯುವುದನ್ನೇ ಸೇವೆ ಮಾಡಿಕೊಂಡಿದ್ದ ಹೆಂಗಸೊಬ್ಬರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಿಮ್ಮ ಬಗ್ಗೆ ಏನಾದರೂ ಬರೆಯಲೇ ಎಂದು ಒಮ್ಮೆ ಕೇಳಿದ್ದೆ. "ಬರ್ಕೊಳ್ಳಿ ಮೇಡಂನೋರೆ, ಎಸ್ರು ಮಾತ್ರ ಬ್ಯಾಡ. ಎಸ್ರು ಗೊತ್ತಾದ್ರೆ ಜನ ನನ್ಗೇ ಬಯ್ಯಕ್ಕೆ ಸುರು ಮಾಡ್ತಾರೆ. ಅದು ಅಮ್ಮನ ಪಾಲು, ನಾನ್ಯಾಕೆ ಕಿತ್ಕೊಳ್ಲಿ?" ಎಂದಿದ್ದರು.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ, ಕಂಡಕ್ಟರು 'ನೀಲಗಿರಿ ಗೇಟ್' ಎಂದು ಕೂಗುವ ಕಡೆ ಇಳಿದು ಎಡಕ್ಕೆ ನಡೆದರೆ ಆ ಕಾಡು. ಕಾಡು ಎಂದ ತಕ್ಷಣ ಆನೆ, ಹುಲಿ ನೆನೆಸಿಕೊಳ್ಳಬೇಡಿ. ಅಂಚಿನಲ್ಲಿ ಸಾಲು ನೀಲಗಿರಿ, ಆಮೇಲೆ ಸೀರೆ ಎಳೆಯುವ ಜಾಲಿ, ಕಗ್ಗಲಿ. ಒಳಗೆ ಹೋದಂತೆ ಮಾತ್ರ ಇದ್ದಕ್ಕಿದ್ದಂತೆ ನೆರಳು ತಣ್ಣಗಾಗಿ, ಇಬ್ಬರು ಕೈ ಹಿಡಿದು ತಬ್ಬಿದರೂ ಸಾಲದ ಮರಗಳು. ಆ ಮರಗಳ ಒಂದು ಒಣ ಕಡ್ಡಿಯನ್ನೂ ಯಾರೂ ಒಲೆಗೆ ಒಯ್ಯುವುದಿಲ್ಲ. ನಡುವೆ ಗೋಣಿಮರದ ಬುಡದಲ್ಲಿ, ಗೋಡೆಯಿಲ್ಲದ ಪುಟ್ಟ ಗುಡಿಯಲ್ಲಿ ಅಮ್ಮ. ಮೂಗಿಲ್ಲ, ಬಾಯಿಲ್ಲ; ಮೊಣಕಾಲೆತ್ತರದ ಕಲ್ಲಿಗೆ ಅಂಟಿಸಿದ ಎರಡು ಬೆಳ್ಳಿ ಕಣ್ಣು, ಅಷ್ಟೆ. ನಮ್ಮ ಕಾನ್ವೆಂಟಿನ ಚಾಪೆಲ್ಲಿನಲ್ಲಿದ್ದ ನೀಲಿ ಸೆರಗಿನ ಮೇರಿಯಮ್ಮನನ್ನು ನೋಡಿ ಬೆಳೆದ ನನಗೆ ಇವಳು ಸ್ವಲ್ಪ ಅನ್‌ಫಿನಿಶ್ಡ್ ಆಗಿ ಕಂಡಳು.

ಕಥೆ ಹೀಗೆ. ಅಮ್ಮ ರಾಮನಾಥಪುರದ ಹೊಳೆದಂಡೆಯಲ್ಲಿ ಅಕ್ಕನ ಜೊತೆ ಜಗಳ ಮಾಡಿಕೊಂಡು ಬಂದು ಈ ಕಾಡಿನಲ್ಲಿ ಮಲಗಿಬಿಟ್ಟಳಂತೆ. ಋಷಿಗಳು ಬಂದು ಹೊಗಳಿದರು, ಏಳಲಿಲ್ಲ. ರಾಜರು ಬಂದು ಇನ್ನಷ್ಟು ಹೊಗಳಿದರು, ಗೊರಕೆ ಹೊಡೆದಳು. ಕೊನೆಗೆ ಒಬ್ಬ ದನಗಾಹಿಯ ಹೆಂಡತಿ ಕಳೆದುಹೋದ ಎಮ್ಮೆಯನ್ನು ಹುಡುಕುತ್ತಾ, ಸಿಟ್ಟು ತಡೆಯದೆ ಬಾಯಿಗೆ ಬಂದಂತೆ ಆ ಎಮ್ಮೆಯನ್ನು ಬೈಯುತ್ತಾ ಬಂದಳು. ಅಮ್ಮ ತಟ್ಟನೆ ಎದ್ದು ಕೂತಳು. ಬೈದದ್ದು ತನಗೇ ಎಂದುಕೊಂಡಳು. ಎಷ್ಟೋ ಕಾಲದ ಮೇಲೆ ಯಾರೋ ಮನೆಯವರಂತೆ ಮಾತಾಡಿಸಿದರಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು ಎಮ್ಮೆಯನ್ನು ತಾನೇ ಹೊಡೆದುಕೊಂಡು ಬಂದು ಒಪ್ಪಿಸಿದಳು. ಅಂದಿನಿಂದ ಆ ದನಗಾಹಿ ಮನೆತನದ ಹೆಂಗಸರಿಗೇ ಬೈಯುವ ಹಕ್ಕು. ನಾನು ಹೇಳುತ್ತಿರುವ ಹೆಂಗಸು ಆ ಸಾಲಿನ ಕೊನೆಯವರು. ಸೊಸೆಯಂದಿರು ಯಾರೂ ಕಲಿಯಲಿಲ್ಲ. "ಈಗಿನ್ ಉಡ್ಗೀರು ನನ್ಗೆ ಬೈತಾರೆ, ಅಮ್ಮಂಗೆ ಬೈಯಕ್ಕೆ ಯೆದರ್ತಾರೆ."

ಕಥೆ ಹೇಳುವಾಗ ಒಮ್ಮೊಮ್ಮೆ ಎಮ್ಮೆಯ ಜಾಗದಲ್ಲಿ ಗಂಡ ಬರುತ್ತಿದ್ದ. ಎಮ್ಮೆಯೋ ಗಂಡನೋ ಸರಿಯಾಗಿ ಹೇಳಿ ಎಂದರೆ, "ಯಾವ್ದಾದ್ರೇನು, ಕಳ್ದೋದದ್ದು ಸಿಕ್ತಲ್ಲ" ಎನ್ನುತ್ತಿದ್ದರು.

ನಾನು ಮೊದಲು ಹೋದದ್ದು ಚನ್ನರಾಯಪಟ್ಟಣದ ನನ್ನ ನಾದಿನಿಯ ಜೊತೆ. ನುಗ್ಗೇಹಳ್ಳಿ ಹತ್ತಿರದ ಅವಳ ತೋಟದಲ್ಲಿ ತೆಂಗಿನ ಮರಗಳು ಹರಳು, ಅಂದರೆ ಎಳೆಗಾಯಿ, ಉದುರಿಸುತ್ತಿದ್ದವು. ಯಾರೋ ಗೊಬ್ಬರ ಹೇಳಿದರು, ಹಾಕಿದಳು. ಯಾರೋ ಈ ಅಮ್ಮನನ್ನು ಹೇಳಿದರು, ನನ್ನನ್ನು ಎಳೆದುಕೊಂಡು ಬಂದಳು. ಬೈಯಲು ಬೇರೆಯವರು ಯಾಕೆ, ನಾನೇ ಬೈಯುತ್ತೇನೆ ಎಂದು ಹಣೆಯ ವಿಭೂತಿ ಸರಿಮಾಡಿಕೊಂಡು ಕೈಮುಗಿದು ನಿಂತಳು. "ಅಮ್ಮಾ ತಾಯಿ, ನೀನು ಹೀಗೆ ಮಾಡಬಹುದೇ? ನಮ್ಮಿಂದ ಏನಾದರೂ ತಪ್ಪಾಗಿದ್ದರೆ..."

ಪಕ್ಕದ ಕಲ್ಲುಹಾಸಿನ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದ ಒಣಕಲು ಹೆಂಗಸೊಬ್ಬರು ಕೈಯೆತ್ತಿದರು. "ನಿಲ್ಸವ್ವ, ನಿಲ್ಸು. ಇದು ಬೈಗುಳ ಅಲ್ಲ, ಬೀಗ್ರನ್ನ ಊಟಕ್ಕೆ ಕರ್ದಂಗಾಯ್ತು. ಅಮ್ಮ ಆಗ್ಲೇ ಆಕಳಿಸ್ತಾವ್ಳೆ, ನೋಡು."

ಎದ್ದರು. ಬಾಯಲ್ಲಿದ್ದದ್ದನ್ನು ಉಗಿದು ಮುಕ್ಕಳಿಸಿದರು. ಬೈಯುವ ದಿನ ಅವರು ತಲೆಗೆ ನೀರು ಹಾಕಿಕೊಂಡು ಉಪವಾಸ ಇರುತ್ತಿದ್ದರು; ಎಲೆ ಅಡಿಕೆ ಉಪವಾಸದ ಲೆಕ್ಕಕ್ಕೆ ಬರುವುದಿಲ್ಲವಂತೆ. ಸೆರಗು ಸಿಕ್ಕಿಸಿ, ಎಡಗೈ ಸೊಂಟಕ್ಕಿಟ್ಟು, ಆ ಬೆಳ್ಳಿ ಕಣ್ಣುಗಳಿಗೆ ತೋರುಬೆರಳು ನೀಡಿದರು.

"ಏನೇ! ಬೆಳ್ಳಿ ಕಣ್ ಇಡಿಸ್ಕೊಂಡು ಕುರುಡಿ ಆಗೋದ್ಯಾ? ಈ ಎಣ್ಮಗ್ಳು ಚನ್ರಾಯಪಟ್ಣದಿಂದ ಬಸ್ ಮೇಲ್ ಬಸ್ ಅತ್ಕೊಂಡು ಬಂದವ್ಳೆ. ನೀನು ಕುಂತಿರೋ ಕುಂಡಿ ಎತ್ತಿ ನುಗ್ಗೇಳ್ಳಿ ಗಂಟ ಓಗಿ ಬರಕ್ಕಾಗಲ್ವಾ? ಅವ್ಳ ತ್ವಾಟದಲ್ಲಿ ಅರಳು ಉದುರ್ತಾ ಅದೆ, ನೀನಿಲ್ಲಿ ಊವ ಮುಡ್ಕೊಂಡು ಮೆರೀತಾ ಇದ್ದೀಯ! ಸೋಂಬೇರಿ! ಗೊಡ್ಡೆಮ್ಮೆ! ನಿನ್ ಮನೆ ಕಾಯೋಗ, ನಿನ್ಗೊಂದ್ ಗುಡಿ ಬ್ಯಾರೆ ಕೇಡು!"

ನಾನು ಎರಡೂ ಕಿವಿ ಮುಚ್ಚಿಕೊಂಡೆ. ಬೆರಳ ಸಂದಿಯಿಂದ ಕೇಳಿಸಿಕೊಂಡದ್ದೂ ನಿಜ. ನಮ್ಮ ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸಿದರು, ಹೆಮ್ಮಿಂಗ್ ಕಲಿಸಿದರು, ಸೂಪು ಶಬ್ದ ಬಾರದಂತೆ ಕುಡಿಯುವುದನ್ನು ಕಲಿಸಿದರು. ಕೋಪ ಬಂದರೆ ಒಂದರಿಂದ ಹತ್ತರ ತನಕ ಎಣಿಸಿ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು ಇಡೀ ಆಯುಷ್ಯ ಎಣಿಸುತ್ತಲೇ ಬಂದವಳು. ಆ ದಿನ ಆ ಹೆಂಗಸಿನ ಡಿಕ್ಷನ್ ಕೇಳಿ ನನಗೆ ನನ್ನ ಎಲೊಕ್ಯೂಷನ್ ಮೆಡಲನ್ನು ಹಿಂದಿರುಗಿಸಬೇಕು ಅನ್ನಿಸಿತು.

ಬೈದು ಮುಗಿದ ಮೇಲೆ ನಾದಿನಿ ಚೊಂಬಿನಿಂದ ಅವರ ಬೊಗಸೆಗೆ ಮಜ್ಜಿಗೆ ಹೊಯ್ದಳು. ಬಿಸಿಲಿನಲ್ಲಿ ನಡೆದು ಬಂದಿದ್ದ ನಾನೂ ಕೈಯೊಡ್ಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಬೈದೋರಿಗೆ ಮಜ್ಜಿಗೆ, ನೋಡ್ದೋರಿಗೆ ನೀರು. ಅಗೋ, ಅಲ್ಲಿ ಅದೆ ನಲ್ಲಿ."

ಅದು ಅಲ್ಲಿನ ಪದ್ಧತಿ. ಬೈಗುಳ ಹರಕೆಯವರ ಹೊಟ್ಟೆಗೆ ಮುಟ್ಟಿದರೆ ಅವರೇ ಮುಂದೆ ಬಂದು ಮಜ್ಜಿಗೆ ಹೊಯ್ಯುತ್ತಾರೆ. ಮುಟ್ಟದಿದ್ದರೆ ಚೊಂಬು ಹಾಗೇ ಮನೆಗೆ ಹೋಗುತ್ತದೆ. ಕೇಳಿ ಕುಡಿಯುವ ಹಾಗಿಲ್ಲ. ಬೈಯುವಾಗ 'ಸಾಯಿ' ಎನ್ನಬಾರದು. ತಾಯಿಯ ಸುದ್ದಿಗೆ ಹೋಗಬಾರದು, "ಅಮ್ಮಂಗೆ ಎಲ್ಲವ್ಳೆ ಅಮ್ಮ?" ಎಲ್ಲಕ್ಕಿಂತ ಮುಖ್ಯ, ಬೈದ ಮೇಲೆ ತಪ್ಪಾಯ್ತು ಎನ್ನಬಾರದು. "ಬೈದು ತಪ್ಪಾಯ್ತು ಅನ್ನೋದು, ಉಂಡು ಎಲೆ ತೊಳ್ದಿಟ್ಟಂಗೆ."

ಆ ವರ್ಷ ಕಾಯಿ ನಿಂತವು. ನಾದಿನಿ ಅಮ್ಮ ಎಂದಳು, ಅವಳ ಗಂಡ ಗೊಬ್ಬರ ಎಂದ. ನನ್ನ ಎಜುಕೇಶನ್ನಿಗೆ ಯಾವುದನ್ನೂ ಪೂರ್ತಿ ನಂಬಲಾಗಲಿಲ್ಲ. ಆದರೂ ಶುಕ್ರವಾರ ಬಂದರೆ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ನಾನು ಅರಕಲಗೂಡಿನ ಬಸ್ಸು ಕಾಯುತ್ತಿದ್ದೆ.

ಏನೇನು ನೋಡಲಿಲ್ಲ ಅಲ್ಲಿ! ಹೊಳೆನರಸೀಪುರದ ವಕೀಲರೊಬ್ಬರು ದೇವಿಯನ್ನು ಬೈಯಿರಿ, ಆದರೆ ನನ್ನ ಪರವಾಗಿ ಎಂದು ಹೇಳಬೇಡಿ ಎಂದು ಷರತ್ತು ಹಾಕಿದರು. "ಅಂಗಾದ್ರೆ ಕೊಡೋದ್ನ ಪಕ್ಕದ್ ಮನೇಗ್ ಕೊಟ್ಬುಡ್ತಾಳೆ ಸಾ" ಎಂದದ್ದೇ ತಡ, ವಕೀಲರು ತಂದೆಯ ಹೆಸರು, ಬಾಗಿಲ ನಂಬರು ಸಮೇತ ಹೇಳಿದರು. ರಾಮನಾಥಪುರದ ಹೊಗೆಸೊಪ್ಪಿನ ರೈತನೊಬ್ಬ ಹರಾಜಿಗೆ ಮುಂಚೆ ಸೊಪ್ಪಿನ ಒಂದು ಎಲೆ ತಂದು ಅಮ್ಮನ ಮೂಗಿಗೆ ಹಿಡಿದು ಬೈಯಿಸಿದ. ಮೂಗೇ ಇಲ್ಲವಲ್ಲ ಎಂದು ನಾನು ಪಾಯಿಂಟ್ ಔಟ್ ಮಾಡಿದೆ. "ಅದ್ಕೇ ಅಲ್ವಾ ಬೈತಿರಾದು" ಎಂದರು.

ಒಂದು ದಿನ ಜನವಿರಲಿಲ್ಲ. ಅವರು ಅಡಿಕೆ ಕತ್ತರಿಸುತ್ತಾ ಕೇಳಿದರು. "ಮೇಡಂನೋರೆ, ಇಷ್ಟ್ ದಿನದಿಂದ ಬತ್ತೀರಿ. ನಿಮ್ಗೇನೂ ದೂರಿಲ್ವಾ?"

"ಇಲ್ಲಮ್ಮ. ಐ ಆಮ್ ಕ್ವೈಟ್ ಆಲ್‌ರೈಟ್."

"ಯಜಮಾನ್ರು?"

ಹೇಳಿದೆ. ಬೆಳಿಗ್ಗೆ ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದ್ದರು. ನಾನು ಸಕ್ಕರೆ ಸಾಕಾ ಎಂದು ಕೇಳಲು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅರ್ಧ ಲೋಟ ಕಾಫಿ ಹಾಗೇ ಇತ್ತು. ಎಲ್ಲರೂ ಪುಣ್ಯದ ಸಾವು ಎಂದರು.

"ನೀವೇನಂದ್ರಿ?"

"ಥ್ಯಾಂಕ್ ಗಾಡ್ ಅಂದೆ. ನರಳಲಿಲ್ಲವಲ್ಲ."

"ಬೈನಿಲ್ವಾ?"

"ಛೆ, ಯಾರನ್ನ?"

ಅವರು ನನ್ನ ಗಂಟಲನ್ನೇ ನೋಡಿದರು, ಡಾಕ್ಟರು ಟಾನ್ಸಿಲ್ ನೋಡುವ ಹಾಗೆ. "ಅದ್ಕೇ ಅಲ್ಲೇನೋ ಕುಂತದೆ" ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಆಮೇಲೆ ಜೀರ್ಣೋದ್ಧಾರ ಸಮಿತಿ ಬಂತು. ಅಧ್ಯಕ್ಷರು ಹೊಗೆಸೊಪ್ಪಿನಲ್ಲಿ ಗಳಿಸಿ ರಸ್ತೆ ಕಂಟ್ರಾಕ್ಟಿಗೆ ಇಳಿದಿದ್ದ ದಪ್ಪ ಮನುಷ್ಯ, ಭಕ್ತ, ಗಡಿಬಿಡಿ. ಗುಡಿಗೆ ಗೋಡೆ, ಸುತ್ತ ಕಾಂಪೌಂಡು, ಟೈಲ್ಸು ಎಲ್ಲಾ ಬಂದವು. ಹೊಸ ಅರ್ಚಕರು ಬಂದರು. ಪಾಠಶಾಲೆಯಲ್ಲಿ ತರ್ಕ ಓದಿದ, ಬಹಳ ಪೊಲೈಟ್ ಆದ ತರುಣ. ಕಾಂಪೌಂಡಿನ ಮೇಲೆ ಒಂದು ಬೋರ್ಡು: 'ದೇವಸ್ಥಾನದ ಆವರಣದಲ್ಲಿ ಅವಾಚ್ಯ ಶಬ್ದಗಳನ್ನು ಬಳಸಬಾರದು.' ಬೈಗುಳ ನಿಂತಿತು. ಬೈಯುತ್ತಿದ್ದವರನ್ನು ಕಾಂಪೌಂಡಿನ ಹೊರಗೆ ಚಪ್ಪಲಿ ಕಾಯಲು ಕೂರಿಸಿದರು.

"ಕೆಲ್ಸ ಓದ್ರೆ ಓಗ್ಲಿ ಮೇಡಂನೋರೆ. ಅಮ್ಮ ಮಲೀಕ್ಕೊಂಡ್ರೆ ಏನ್ಗತಿ? ಅವ್ಳು ಎಚ್ರ ಇರೋ ಗಂಟ ಈ ಕಾಡು. ಅವ್ಳು ಮಲಗಿದ್ ದಿನ ಕೊಡಲಿ ಬತ್ತದೆ, ನೋಡ್ತಿರಿ." ಆಗ ಮಾತ್ರ ಅವರ ದನಿ ಸಣ್ಣದಾಗಿತ್ತು. ಅಷ್ಟು ದೊಡ್ಡ ಬಾಯಿಯ ಹೆಂಗಸಿನ ಸಣ್ಣ ದನಿ ಕೇಳುವುದು ಬಹಳ ಕಷ್ಟ.

ಇಂಗ್ಲಿಷ್ ಬೋರ್ಡಿಗೆ ಸ್ಥಳಪುರಾಣ ಬರೆದುಕೊಡಲು ಅಧ್ಯಕ್ಷರು ನನ್ನನ್ನು ಕೇಳಿದರು. ಬರೆದೆ. ಅವರು ಓದಿಸಿ ಕೇಳಿ ತಲೆ ಕೆರೆದುಕೊಂಡರು.

"ಚೆನ್ನಾಗದೆ ಮೇಡಂ. ಒಯ್ಸಳ್ರು ಎಲ್ಲೂ ಬರ್ಲೇ ಇಲ್ವಲ್ಲ?"

"ಇಲ್ಲಿಗೆ ಅವರು ಬಂದಿಲ್ಲ."

"ನುಗ್ಗೇಳ್ಳಿ ಗಂಟ ಬಂದೋರು ಇಲ್ಲಿಗೆ ಬರಕ್ಕಾಗಲ್ವಾ? ಓಗ್ಲಿ, ಆ ಎಮ್ಮೇನ ಅಸ ಮಾಡ್ಬುಡಿ. ಫಾರಿನ್ನೋರು ಓದ್ತಾರೆ, ಡೀಸೆಂಟಾಗಿರ್ಲಿ."

ಚಪ್ಪಲಿ ಸ್ಟ್ಯಾಂಡಿನಿಂದಲೇ ಉತ್ತರ ಬಂತು. "ಅಸೂನ ಯಾರಾದ್ರೂ ಅಂಗೆ ಬೈತಾರೇನ್ಲಾ? ಬೈಸ್ಕೊಳಕ್ಕೆ ಎಮ್ಮೇನೇ ಆಗ್ಬೇಕು. ನಿಲ್ಸಕ್ಕೆ ನೀನ್ಯಾವೋನು? ತಾಕತ್ತಿದ್ರೆ ಅಮ್ಮನ್ನೇ ಕೇಳು!"

"ಕೇಳೇ ಬುಡಾನ" ಎಂದರು ಅಧ್ಯಕ್ಷರು.

ಹಾಗೆ ಶುಕ್ರವಾರ ಹೂ ಕೇಳುವುದೆಂದು ನಿಗದಿಯಾಯಿತು. ಕಲ್ಲಿಗೆ ನೀರು ಹಚ್ಚಿ ಸೇವಂತಿಗೆ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅರ್ಚಕರು ಮೈಕಿನಲ್ಲಿ ಪ್ರಶ್ನೆ ಹೇಳಿದರು. "ತಾಯೇ, ಇನ್ನು ಮೇಲೆ ನಿನ್ನನ್ನು ಬೈಯುವುದನ್ನು ನಿಲ್ಲಿಸಬಹುದೇ?" ಆಮೇಲೆ ನಾಮಾವಳಿ ಶುರುವಾಯಿತು. ಒಂದು ಸುತ್ತು ಮುಗಿಯಿತು. ಹೂ ಅಲುಗಲಿಲ್ಲ. ಇನ್ನೊಂದು ಸುತ್ತು. ಜನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು. ಒಳ್ಳೇ ಲಾಲಿ ಹಾಡಿನಂತಿದ್ದ ಆ ಅರ್ಚನೆಗೆ ಕಂಬಕ್ಕೊರಗಿದ್ದ ಖಜಾಂಚಿಯವರೇ ನಿದ್ದೆ ಹೋದರು. ಪುಳಿಯೋಗರೆ ಆರುತ್ತಿತ್ತು.

ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ, ಫೋನು ಕಿವಿಗಿಟ್ಟುಕೊಂಡು ಹೊರಗೆ ಬಂದರು. ಚಪ್ಪಲಿ ಹುಡುಕುವ ಅವಸರದಲ್ಲಿ ಅವರ ಕಾಲು ತಗುಲಿ ಅಲ್ಲಿದ್ದ ಚೊಂಬು ಉರುಳಿತು. ಹಳೇ ಭಕ್ತರೊಬ್ಬರು ಅಭಿಮಾನಕ್ಕೆ ತಂದುಕೊಟ್ಟ ಮಜ್ಜಿಗೆ ಅದು. ಬೈಗುಳ ನಿಂತ ಮೇಲೆ ನಮ್ಮ ಬೈಯುವವರು ಮಜ್ಜಿಗೆ ಕುಡಿದಿರಲಿಲ್ಲ. ದುಡಿಯದೆ ಹೇಗೆ ಕುಡಿಯಲಿ ಎಂದು ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು.

ನೆಲಕ್ಕೆ ಇಂಗುತ್ತಿದ್ದ ಮಜ್ಜಿಗೆಯನ್ನು ನೋಡಿದರು. ಎದ್ದರು. ಎಡಗೈ ಸೊಂಟಕ್ಕೆ ಹೋಯಿತು.

"ಏನ್ಲಾ! ಕಣ್ಣೇನ್ ಎಕ್ಕಡದ್ ಜೊತೆ ಬಿಚ್ಚಿಟ್ಟಿದ್ಯಾ? ಆಳು ಬೆಳ್ದಂಗೆ ಅಂಡೂ ಬೆಳೀತು, ಬುದ್ಧಿ ಎಲ್ಲ್ ಮೇಯಕ್ಕೋಗದೆ? ಮನೇಲಿ ಸೋಪಾ ಅದೆ, ಜಗಲೀಲಿ ಕುರ್ಚಿ ಅದೆ, ಒಂದ್ಕಡೆ ನೆಟ್ಗೆ ಕುಂತ್ಕೊಳಕ್ಕೆ ನಿನ್ಗೇನ್ಲಾ ದಾಡಿ? ಕೇಳಿದ್ರೆ ಕಿವಿ ಇಲ್ಲ, ಕೂಗಿದ್ರೆ ಬಾಯಿಲ್ಲ, ಉಬ್ಬಿ ಕುಂತವ್ನೆ ಉಣಸೆ ಬುಡ್ದಲ್ಲಿ ಕಪ್ಪೆ ಕುಂತಂಗೆ! ಏಳ್ಲಾ ಮ್ಯಾಕೆ, ಗೊಡ್ಡೆಮ್ಮೆ!"

ಒಳಗೆ ಗಂಟೆ ಮೊಳಗಿತು. ಅರ್ಚಕರು ಪಂಚೆ ಎತ್ತಿಕೊಂಡು ಓಡಿಬಂದರು. "ಬಿತ್ತು! ಬಲಗಡೆ!"

ಅಧ್ಯಕ್ಷರು ಬೈಸಿಕೊಳ್ಳುತ್ತಲೇ ಎರಡೂ ಕೈ ಮೇಲೆತ್ತಿದರು. "ಬಲಕ್ಕೇ ಬಿದ್ದದೆ! ನಿಲ್ಸಿ ಅಂತ ಅಮ್ಮನೇ ಏಳವ್ಳೆ!"

"ಅರ್ಚ್ನೆ ಮಾಡ್ದಾಗ ಬಿತ್ತೋ, ನಾನ್ ಬೈದಾಗ ಬಿತ್ತೋ?"

"ನೀನ್ ಬೈದಿದ್ದು ನನ್ಗೆ, ಅಮ್ಮಂಗಲ್ಲ!"

"ಅವತ್ತು ಬೈದಿದ್ದೂ ಎಮ್ಮೆಗೇ ಕಣ್ಲಾ. ಎದ್ದಿದ್ದು ಅಮ್ಮ."

ಬೈಗುಳ ನಿಲ್ಲಿಸಿ ಎಂದು ಹೇಳುವುದಕ್ಕೇ ಅಮ್ಮ ಬೈಗುಳ ಕೇಳಿ ಎದ್ದಿದ್ದಳು. ಹೂವನ್ನು ಒಪ್ಪಿದರೆ ಬೈಯುವಂತಿಲ್ಲ. ಬೈಯದಿದ್ದರೆ ಹೂವೇ ಇಲ್ಲ. ಅರ್ಚಕರು ಮೆಟ್ಟಿಲ ಮೇಲೆ ತಲೆಗೆ ಕೈ ಕೊಟ್ಟು ಕೂತು, ಪುಳಿಯೋಗರೆ ಪೂರ್ತಿ ಆರಿದ ಮೇಲೆ ಮೆಲ್ಲಗೆ ಹೇಳಿದರು. "ಅಮ್ಮ ತನ್ನನ್ನು ಬೈಯಬೇಡಿ ಎಂದಿದ್ದಾಳೆ, ಸರಿ. ಅಧ್ಯಕ್ಷರನ್ನು ಬೈಯಬೇಡಿ ಎಂದು ನಾವು ಕೇಳಿಯೇ ಇಲ್ಲವಲ್ಲ."

ಅಂದಿನಿಂದ ಅದೇ ಏರ್ಪಾಡು. ಹರಕೆಯವರು ಬಂದು ದೂರು ಹೇಳುವುದು, ಅಧ್ಯಕ್ಷರು ಕಾಂಪೌಂಡಿನ ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮುಂದೆ ಕೈಕಟ್ಟಿ ನಿಲ್ಲುವುದು, ಇವರು ಅವರನ್ನು ಬೈಯುವುದು, ಒಳಗೆ ಅಮ್ಮ ತನಗೇ ಎಂದುಕೊಂಡು ಏಳುವುದು. ಮೊದಮೊದಲು ಅಧ್ಯಕ್ಷರು ಖಜಾಂಚಿಯನ್ನು ಕಳಿಸಿ ನೋಡಿದರು. ಖಜಾಂಚಿಗೆ ಬೈದರೆ ಹೂ ಬೀಳುತ್ತಿರಲಿಲ್ಲ. ಆಮೇಲೆ ಅಧ್ಯಕ್ಷರಿಗೇ ಅದರ ಬಗ್ಗೆ ಹೆಮ್ಮೆ ಬಂತು. "ಶುಕ್ರವಾರ ಆಗಕಿಲ್ಲ, ಬೈಗುಳ ಅದೆ" ಎಂದು ಮದುವೆಗಳಿಗೂ ಹೋಗದೆ ಉಳಿಯುತ್ತಿದ್ದರು. ಒಮ್ಮೆ ಜ್ವರ ಬಂದಾಗ ಶಾಲು ಹೊದ್ದು ನಿಂತಿದ್ದರು. ಅವತ್ತು ಇವರು ಸ್ವಲ್ಪ ಮೆಲ್ಲಗೆ ಬೈದರು. "ಜೋರಾಗಿ ಬೈಯಮ್ಮೋ, ಜನ ದೂರದಿಂದ ಬಂದವ್ರೆ" ಎಂದು ಅಧ್ಯಕ್ಷರೇ ಎಚ್ಚರಿಸಿದರು. ಕಾಡಿಗೆ ಕೊಡಲಿ ಬರಲಿಲ್ಲ.

ಬೈಯುವ ಆ ಹೆಂಗಸು ಹೋದ ತಿಂಗಳು ತೀರಿಕೊಂಡಾಗ ನನ್ನ ಮಂಡಿನೋವಿನಿಂದ ಮಣ್ಣಿಗೆ ಹೋಗಲಾಗಲಿಲ್ಲ. ತಿಥಿ ಕಳೆದ ಮೇಲಿನ ಶುಕ್ರವಾರ ಹೋದೆ. ಶಾಮಿಯಾನ ಹಾಕಿ ಶ್ರದ್ಧಾಂಜಲಿ ಸಭೆ ನಡೆಯುತ್ತಿತ್ತು. ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು ಅವರನ್ನು ಹೊಗಳಿದರು. ಮೃದುಭಾಷಿ ಎಂದರು ಒಬ್ಬರು. ಸೌಮ್ಯ ಸ್ವಭಾವದವರು ಎಂದರು ಇನ್ನೊಬ್ಬರು. ಫೋಟೋದಲ್ಲಿ ಅವರ ಕಣ್ಣು ಅರ್ಧ ಮುಚ್ಚಿತ್ತು. ಆಕಳಿಸುತ್ತಿದ್ದಾರೆ ಅನ್ನಿಸಿ ನಾನು ಎದ್ದು ಹೊರಗೆ ಬಂದೆ.

ಚಪ್ಪಲಿ ಸ್ಟ್ಯಾಂಡಿನ ಮುಂದೆ ಅಧ್ಯಕ್ಷರು ಒಬ್ಬರೇ ಕೈಕಟ್ಟಿ ನಿಂತಿದ್ದರು. ಎದುರಿಗೆ, ತಟ್ಟೆ ಮುಚ್ಚಿದ ಚೊಂಬು ಹಿಡಿದು ಹರದನಹಳ್ಳಿಯಿಂದ ಬಂದ ಹೆಂಗಸು.

"ಏನಮ್ಮ ನಿನ್ನ ದೂರು?" ಎಂದು ಕೇಳಿದೆ.

"ಎಮ್ಮೆ ಕಳ್ದೋಗದೆ ಕಣ್ರವ್ವ. ಮಜ್ಗೆ ಪಕ್ಕದ್ ಮನೇಲಿ ಈಸ್ಕೊಂಡ್ ಬಂದಿವ್ನಿ. ಬೈಯೋರು ಓಗ್ಬುಟ್ರಂತಲ್ಲ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. ಅವರ ದಪ್ಪ ಮುಖ ಸ್ಕೂಲಿನಲ್ಲಿ ಬಿಟ್ಟುಹೋದ ಮಗುವಿನ ಮುಖದಂತಾಗಿತ್ತು. "ಮೇಡಂ, ನೀವೇ ನಾಕ್ ಮಾತ್ ಬೈದ್ಬುಡಿ. ಇಷ್ಟ್ ವರ್ಸ ನೋಡಿದ್ದೀರಿ."

ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದೆ. ಬೆಳಗಿನಿಂದ ತಿಂಡಿ ತಿಂದಿರಲಿಲ್ಲ, ಯಾಕೋ ಸೇರಿರಲಿಲ್ಲ. ಎಡಗೈಯನ್ನು ಸೊಂಟಕ್ಕಿಟ್ಟೆ. "ಯು... ಯು ಶುಡ್ ಬಿ ಅಶೇಮ್ಡ್ ಆಫ್ ಯುವರ್‌ಸೆಲ್ಫ್" ಎಂದೆ.

ಅಧ್ಯಕ್ಷರು ಬೇಸರದಿಂದ ತಲೆಯಾಡಿಸಿದರು. "ಇದು ಬೈಗುಳ ಅಲ್ಲ ಮೇಡಂ. ಬೀಗ್ರನ್ನ ಊಟಕ್ಕೆ ಕರ್ದಂಗಾಯ್ತು."

ತೀರಿಕೊಂಡವರದೇ ಮಾತು, ಅವರದೇ ರಾಗ. ನಾನು ಎಣಿಸಲು ಶುರು ಮಾಡಿದೆ. ಒನ್, ಟೂ, ತ್ರೀ. ಆಮೇಲೆ ಲೆಕ್ಕ ತಪ್ಪಿತು.

"ಏನ್ರೀ! ಹೇಳದೆ ಕೇಳದೆ ಎದ್ದು ಹೋಗೋದಾ? ಯಾವ ಸೀಮೆ ಮ್ಯಾನರ್ಸ್ ಇದು? ಅರ್ಧ ಲೋಟ ಕಾಫಿ ಹಾಗೇ ಬಿಟ್ಟು, ಪೇಪರು ಮಡಚಿ ಕೂಡ ಇಡದೆ! ಸಕ್ಕರೆ ಸಾಕಾ ಅಂತ ಕೇಳೋಕೆ ಬಂದವಳು ಇನ್ನೂ ಅಲ್ಲೇ ನಿಂತಿದ್ದೀನಿ ಕಣ್ರೀ! ಸಾಕೋ ಬೇಕೋ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ರೋಗ? ಪುಣ್ಯದ ಸಾವಂತೆ, ಪುಣ್ಯ! ಯಾರಿಗೆ ಪುಣ್ಯ? ಇವಳೊಬ್ಬಳಿದ್ದಳು, ಗಂಟಲಲ್ಲಿ ಏನೋ ಕೂತಿದೆ ಅಂತ ಹೇಳಿ ಅದನ್ನ ತೆಗೆಯದೇನೇ ಇವಳೂ ಎದ್ದು ಹೋದಳು! ಎಲ್ಲಾ ಎದ್ದು ಹೋಗಿ! ಸೋಂಬೇರಿಗಳಾ! ನಿಮ್ಮ ಮನೆ ಕಾಯೋಗ!"

ಶಾಮಿಯಾನದಲ್ಲಿ ಮೈಕು ನಿಂತಿತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದವಳು, ನಿಯಮ ನೆನಪಾಗಿ ಮುಚ್ಚಿಕೊಂಡೆ. ಅಧ್ಯಕ್ಷರು ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹರದನಹಳ್ಳಿಯ ಹೆಂಗಸು ನನ್ನನ್ನು ಒಂದು ಗಳಿಗೆ ನೋಡಿದಳು. ಚೊಂಬಿನ ಮೇಲಿನ ತಟ್ಟೆ ತೆಗೆದು, ಹತ್ತಿರ ಬಂದು, "ಕೈ ಒಡ್ಡವ್ವ" ಎಂದಳು.